ಮಳೆಗಾಲದ ಕಾಂಕ್ರೀಟ್ ತೇಪೆಗೂ ಕ್ರಮ ಬೇಕು

ಮಾನ್ಯ ಸಂಪಾದಕರೇ,

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಕಾಂಕ್ರೀಟ್ ರಸ್ತೆಯ ಹೊಂಡಗಳನ್ನು ಮಳೆಯ ನಡುವೆಯೇ ಮುಚ್ಚಬೇಕಾಗಿ ಬರುವುದು ಸಹಜ. ನೀರಿನ ಪೈಪ್ ಒಡೆದಾಗ, ಚರಂಡಿಯ ಚಪ್ಪಡಿ ಕುಸಿದಾಗ ಮಳೆಗಾಲ ಮುಗಿಯಲಿ ಎಂದು ಕಾಯಲಾಗದು. ನನ್ನ ಆಕ್ಷೇಪ ಇರುವುದು ಆ ಕೆಲಸವನ್ನು ಮಾಡುವ ರೀತಿಯ ಬಗ್ಗೆ.

ಇತ್ತೀಚೆಗೆ ನಮ್ಮ ಬಡಾವಣೆಯ ತಿರುವಿನಲ್ಲಿ ಕೆಸರು ನೀರು ತುಂಬಿದ್ದ ಹೊಂಡಕ್ಕೆ, ನೀರನ್ನು ಎತ್ತಿ ಹಾಕುವ ಗೋಜಿಗೂ ಹೋಗದೆ, ಬಾಣಲೆಯಿಂದ ಕಾಂಕ್ರೀಟ್ ಸುರಿದು ಕರಣೆಯಿಂದ ಸವರಿ ಹೋದರು. ಸಂಜೆಯ ಮಳೆಗೆ ಸಿಮೆಂಟೆಲ್ಲ ಬೂದುಬಣ್ಣದ ನೀರಾಗಿ ಚರಂಡಿ ಸೇರಿತು. ಮರುದಿನ ಅಲ್ಲಿ ಉಳಿದದ್ದು ಬೈಕ್ ಸವಾರರು ಜಾರಿ ಬೀಳುವಂತೆ ಚೆಲ್ಲಿದ್ದ ಬರಿಯ ಜಲ್ಲಿ.

ಇದರಲ್ಲಿ ಮಳೆಯ ತಪ್ಪೇನೂ ಇಲ್ಲ. ಹಳೆಯ ಕಾಂಕ್ರೀಟ್ ಒಳಗೆ ತೇವವಾಗಿರುವುದು ತೇಪೆಗೆ ಅನುಕೂಲವೇ. ಒಣಗಿದ್ದರೆ ಅದು ಹೊಸ ಮಿಶ್ರಣದ ನೀರನ್ನು ಹೀರಿಕೊಂಡು ಹಿಡಿತವನ್ನು ಕೆಡಿಸುತ್ತದೆ. ಆದರೆ ಮೇಲೆ ನಿಂತ ನೀರು ಮತ್ತು ಕೆಸರು ಇರಲೇಬಾರದು, ಏಕೆಂದರೆ ಮಿಶ್ರಣದಲ್ಲಿ ನೀರಿನ ಪ್ರಮಾಣ ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಹೊಂಡದ ಅಂಚನ್ನು ಕಟಿಂಗ್ ಯಂತ್ರದಿಂದ ನೇರವಾಗಿ ಕತ್ತರಿಸಿ, ಸಡಿಲ ಭಾಗಗಳನ್ನು ಕಿತ್ತು, ತೊಳೆದು, ನಿಂತ ನೀರನ್ನು ಗೋಣಿಯಿಂದ ಒರೆಸಿ ತೆಗೆದು, ಸಿಮೆಂಟ್ ಸ್ಲರಿ (ನೀರಿನಲ್ಲಿ ಕಲಸಿದ ತೆಳು ಸಿಮೆಂಟ್) ಬಳಿದು ಅದು ಒಣಗುವ ಮೊದಲೇ ಕಾಂಕ್ರೀಟ್ ತುಂಬಿ ದಮ್ಮಸ್ಸು ಮಾಡಬೇಕು. ಸುತ್ತ ಮರಳಿನ ಚೀಲಗಳ ಒಡ್ಡು ಕಟ್ಟಿ ಹರಿದುಬರುವ ನೀರನ್ನು ತಡೆಯಬೇಕು. ಟಾರ್ಪಾಲನ್ನು ಕಾಂಕ್ರೀಟಿಗೆ ತಾಗದಂತೆ ಎತ್ತರದಲ್ಲಿ ಕಟ್ಟಬೇಕು.

'ಮಳೆ ಬರುತ್ತಿದೆಯಲ್ಲ, ಕ್ಯೂರಿಂಗ್ (ಹೊಸ ಕಾಂಕ್ರೀಟನ್ನು ತೇವವಾಗಿಡುವುದು) ಏಕೆ?' ಎಂದು ಗುತ್ತಿಗೆದಾರರು ಕೇಳುವುದುಂಟು. ಮಳೆ ಬಿಟ್ಟ ಎರಡು ದಿನದ ಬಿಸಿಲು ಮತ್ತು ಗಾಳಿ ಎಳೆಯ ಕಾಂಕ್ರೀಟನ್ನು ಒಣಗಿಸಲು ಸಾಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಸಿಮೆಂಟಿಗೆ 10 ದಿನ ತೇವ ಉಳಿಸಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಹೇಳುತ್ತದೆ. ಅಷ್ಟು ದಿನ ರಸ್ತೆ ಮುಚ್ಚಲಾಗದ ಕಡೆ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುವ ದುರಸ್ತಿ ಗಾರೆಯನ್ನು, ಬೆಲೆ ಹೆಚ್ಚಾದರೂ, ಬಳಸಬಹುದು. ಅದೂ ಸಾಧ್ಯವಾಗದಿದ್ದರೆ ಜಲ್ಲಿಯ ಮೇಲೆ ಇಂಟರ್‌ಲಾಕ್ ಇಟ್ಟಿಗೆ ಕೂರಿಸಿ, ಮಳೆ ನಿಂತ ಮೇಲೆ ಅದನ್ನು ತೆಗೆದು ಕಾಂಕ್ರೀಟ್ ಹಾಕುವುದು ಲೇಸು.

ಬಿಲ್ ಆಗುವುದು ಸುರಿದ ಕಾಂಕ್ರೀಟಿನ ಘನ ಮೀಟರ್ ಲೆಕ್ಕದಲ್ಲಿ. ಆದ್ದರಿಂದ ನೀರು ತೆಗೆಯುವ, ಟಾರ್ಪಾಲು ಕಟ್ಟುವ ಕೆಲಸದ ಬಗ್ಗೆ ಯಾರಿಗೂ ಆಸಕ್ತಿಯಿಲ್ಲ. ಮಳೆಗಾಲದ ದುರಸ್ತಿಯ ಟೆಂಡರಿನಲ್ಲಿ ಇವನ್ನು ಪ್ರತ್ಯೇಕ ಬಾಬ್ತುಗಳಾಗಿ ಸೇರಿಸಿ, ಅದಕ್ಕೆ ತಕ್ಕ ಹಣ ಕೊಟ್ಟು, ಕಾಂಕ್ರೀಟ್ ಹಾಕಿದ ದಿನಾಂಕ ಮತ್ತು ವಾಹನ ಬಿಡುವ ದಿನಾಂಕವನ್ನು ಸ್ಥಳದಲ್ಲೇ ಫಲಕದಲ್ಲಿ ಬರೆಸುವಂತೆ ಸಂಬಂಧಪಟ್ಟವರು ಈ ಮಳೆಗಾಲದಲ್ಲೇ ಆದೇಶಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಉಡುಪಿ ಜಿಲ್ಲೆ