ಮೂರನೇ ಪುಟದ ಆ ಲೋಟ

ಪ್ರೀತಿಯ ತಮ್ಮಾ,

ನಿನ್ನ ಪ್ರಬಂಧ ಓದಿದೆ. "ಬೈಯಲಿ ಅಂತಲೇ ಕಳಿಸ್ತಿದ್ದೀನಿ ಅಕ್ಕಾ" ಅಂತ ಬರೆದಿದ್ದೀಯಲ್ಲ, ಹಾಗಾಗಿ ಮೊದಲು ಬೈಗುಳ. ಹೊಗಳೋದಕ್ಕೂ ಒಂದೆರಡು ಜಾಗ ಇದೆ, ಅದು ಆಮೇಲೆ.

ಮೊದಲ ಎರಡು ಪುಟ ನಾನು ನಿನಗಿಂತ ಮುಂಚೆ ಬೇರೆಯವರ ಕೈಯಲ್ಲಿ ಓದಿದ್ದೇನೆ. ಗ್ಲಾಸ್ಗೋದ ಚಳಿ, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೇ ಕತ್ತಲು, ರೂಮಿನಲ್ಲಿ ಒಬ್ಬನೇ. ಆಮೇಲೆ ವಿಮಾನ, ಬೆಂಗಳೂರು, ರಾತ್ರಿ ಬಸ್ಸು, ಬೆಳಗಿನ ಜಾವ ತೀರ್ಥಹಳ್ಳಿ, ಮಳೆ, ಅಮ್ಮನ ಕೈಯ ಸಾರು, ಕಣ್ಣಲ್ಲಿ ನೀರು. ದೀಪಾವಳಿ ವಿಶೇಷಾಂಕಕ್ಕೆ ಬರಹ ಆರಿಸುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದವಳು. ಓದಲು ಹೊರದೇಶಕ್ಕೆ ಹೋಗಿ ವಾಪಸ್ ಬಂದವರ ಪ್ರಬಂಧ ಪ್ರತಿ ವರ್ಷ ಬರುತ್ತಿತ್ತು. ಡಲ್ಲಾಸಿನಿಂದ ಬಂದವನೂ ಅದೇ ಸಾರು ಉಣ್ಣುತ್ತಿದ್ದ, ಮ್ಯೂನಿಕ್‌ನಿಂದ ಬಂದವಳೂ ಅದೇ ಸಾರು. ಊರು ಬೇರೆ, ಯೂನಿವರ್ಸಿಟಿ ಬೇರೆ, ಸಾರು ಮಾತ್ರ ಒಂದೇ.

ಸಾರು ಸುಳ್ಳು ಅಂತ ಹೇಳುತ್ತಿಲ್ಲ ಮಾರಾಯ. ಅಷ್ಟು ದಿನ ಆದಮೇಲೆ ಮನೆ ಊಟ ಉಂಡರೆ ಯಾರಿಗಾದರೂ ಗಂಟಲು ಕಟ್ಟುತ್ತದೆ. ಆದರೆ ನಾನು ಆ ಸಾರಿನ ಈಚೆ ಕಡೆ ಇರುವವಳು ಅನ್ನೋದು ನಿನಗೆ ಗೊತ್ತಿರಲಿ. ನಾನು ಹೊರದೇಶಕ್ಕೆ ಓದಲು ಹೋದವಳಲ್ಲ, ಮಗನನ್ನು ಕಳಿಸಿ ಮನೆಯಲ್ಲಿ ಉಳಿದವಳು. ಅವನು ರಜಕ್ಕೆ ಬಂದ ದಿನ ನಾನೂ ಸಾರು ಮಾಡಿದ್ದೇನೆ. ಆಗ ನನ್ನ ತಲೆಯಲ್ಲಿ ನೂರೆಂಟು ಇತ್ತು, ಗ್ಯಾಸ್ ಬುಕ್ ಮಾಡಿದ್ದು ಇನ್ನೂ ಬಂದಿಲ್ಲ, ನಮ್ಮನೆಯವರಿಗೆ ಬೀಪಿ ಮಾತ್ರೆ ಮುಗಿದಿದೆ, ಇವನು ಇಷ್ಟು ಯಾಕೆ ಸೊರಗಿದ್ದಾನೆ, ಕೇಳಲಾ ಬೇಡವಾ. ನಿನ್ನ ಪ್ರಬಂಧದಲ್ಲಿ ಅಮ್ಮನ ತಲೆಯಲ್ಲಿ ಏನೂ ಇಲ್ಲ. ಅವರು ಒಲೆ ಮುಂದೆ ನಿಂತು ನಿನಗೋಸ್ಕರ ಕಾಯುತ್ತಿದ್ದರು, ಅಷ್ಟೇ. ನೀನು ಇಲ್ಲದಷ್ಟು ದಿನ ಆ ಮನೆ ಸುಮ್ನೆ ಹಾಗೇ ನಿಂತುಬಿಟ್ಟಿತ್ತಾ?

ಇಲ್ಲ ಅಲ್ವಾ. ಅಡಿಕೆಯ ಎಲೆಚುಕ್ಕಿ ರೋಗ ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪದ ತೋಟಗಳನ್ನು ಹೇಗೆ ತಿಂದುಹಾಕಿದೆ ಅಂತ ಮಲೆನಾಡಿನ ಮಕ್ಕಳಿಗೂ ಗೊತ್ತು. ಹಸಿರಾಗಿರಬೇಕಾದ ಸೋಗೆ ಚುಕ್ಕಿ ಬಿದ್ದು ಒಣಗುತ್ತಾ ಹೋಗುತ್ತದೆ, ಮರ ಸೊರಗುತ್ತದೆ, ಫಸಲು ಬೀಳುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮೊದಲಿನಿಂದ ಇತ್ತು, ಈಗ ಇದಕ್ಕೆ ಬೇರೆ ಔಷಧಿ, ಬೇರೆ ಖರ್ಚು. ಇದೆಲ್ಲ ನಡೆಯುವಾಗ ನೀನು ವಿಡಿಯೋ ಕಾಲ್‌ನಲ್ಲಿದ್ದೆ. ಅಪ್ಪ ನಿನಗೆ ಎಷ್ಟು ಹೇಳಿದರು, ಎಷ್ಟು ಮುಚ್ಚಿಟ್ಟರು? ಕೇಳಿದ್ದೀಯಾ? ಇನ್ನೊಂದು. ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರದಿಂದ ಮರಕ್ಕೆ ತೂಗಿಕೊಂಡು ಹಾರುವ ಚಿತ್ರ ತುಂಬಾ ಚಂದ ಬರೆದಿದ್ದೀಯ. ಈ ವರ್ಷ ಅದನ್ನು ಕಣ್ಣಾರೆ ನೋಡಿದೆಯಾ? ನಮ್ಮ ನೆಂಟರ ತೋಟದಲ್ಲೆಲ್ಲ ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ. ನೆಲದ ಮೇಲೆ ನಿಂತುಕೊಂಡೇ ಕೊನೆ ಇಳಿಸುತ್ತಾರೆ, ಔಷಧಿಯನ್ನೂ ಹೊಡೆಯುತ್ತಾರೆ. ನಿಮ್ಮಲ್ಲಿ ಇನ್ನೂ ಮರ ಹತ್ತುತ್ತಾರೆ ಅಂತಾದರೆ ಇರಲಿ. ಚಿಕ್ಕಂದಿನ ನೆನಪನ್ನು ತಂದು ಈ ವರ್ಷಕ್ಕೆ ಅಂಟಿಸಿದ್ದರೆ ತೆಗೆದುಹಾಕು.

ಈಗ ದುಡ್ಡಿನ ಮಾತು. ಇಡೀ ಪ್ರಬಂಧದಲ್ಲಿ ಸಾಲ ಅನ್ನುವ ಪದ ಒಂದು ಸಲವೂ ಬಂದಿಲ್ಲ. ನಾನು ಹುಡುಕಿ ನೋಡಿದೆ. ಮಗನನ್ನು ಕಳಿಸಿದವಳು ನಾನು, ನನಗೆ ಆ ಫೈಲು ಬಾಯಿಪಾಠ. ಏಳೂವರೆ ಲಕ್ಷದವರೆಗೆ ಬ್ಯಾಂಕಿನವರು ಅಡಮಾನ ಕೇಳುವುದಿಲ್ಲ, ಅದರ ಮೇಲೆ ಹೋದರೆ ಸಾಮಾನ್ಯವಾಗಿ ಮನೆಯೋ ಜಮೀನೋ ತೋರಿಸಬೇಕು. ಬ್ರಿಟನ್ನಿಗೆ ಒಂದು ವರ್ಷದ ಎಂಎಸ್ಸಿ ಏಳೂವರೆ ಲಕ್ಷದಲ್ಲಿ ಎಲ್ಲಿ ಮುಗಿಯುತ್ತದೆ? ಅಂದರೆ ತೋಟದ ಪಹಣಿ ಬ್ಯಾಂಕಿನಲ್ಲಿದೆ ಅಂತ ನನ್ನ ಊಹೆ. ಓದು ಮುಗಿದು ಸ್ವಲ್ಪ ಕಾಲ ಕಂತು ಇರುವುದಿಲ್ಲ ಅಂತ ಖುಷಿಯಾಗುತ್ತದೆ, ಆದರೆ ಬಡ್ಡಿ ಆ ಹೊತ್ತಿಗೂ ಬೆಳೆಯುತ್ತಲೇ ಇರುತ್ತದೆ. ಇನ್ನು ವೀಸಾಕ್ಕೆ ಖಾತೆಯಲ್ಲಿ ದುಡ್ಡು ತೋರಿಸಬೇಕಲ್ಲ, ಸತತ 28 ದಿನ ಒಂದು ರೂಪಾಯಿ ಕಮ್ಮಿಯಾಗದ ಹಾಗೆ. ಆ 28 ದಿನದ ಕಥೆ ಯಾರೂ ಬರೆಯುವುದಿಲ್ಲ ನೋಡು. ಸೋದರಮಾವನ ಹತ್ತಿರ ಕೈಸಾಲ, ಪಕ್ಕದ ಮನೆಯವರ ಎಫ್‌ಡಿ, ಸೊಸೈಟಿಯಲ್ಲಿ ಬಳೆ ಇಟ್ಟು ತಂದದ್ದು, ಎಲ್ಲ ಒಂದು ಖಾತೆಗೆ ಬಂದು ಕೂತುಕೊಳ್ಳುತ್ತದೆ, ಮನೆಯವರೆಲ್ಲ ದಿನ ಎಣಿಸುತ್ತಾರೆ, ಆ ನಡುವೆ ಯಾರಿಗೂ ಕಾಯಿಲೆ ಬರದಿರಲಪ್ಪಾ ಅಂತ. ನಿಮ್ಮ ಮನೆಯಲ್ಲಿ ಅದು ಹೇಗೆ ನಡೆಯಿತು? ನನಗೆ ಆಗುಂಬೆಯ ಮಳೆಗಿಂತ ಅದನ್ನು ಓದುವ ಆಸೆ.

ಹಾಗೇ "ಮಣ್ಣು ಕರೆಯಿತು, ಬಂದೆ" ಅನ್ನುವ ಸಾಲು. ಮಣ್ಣು ಕರೆಯಿತೋ, ವೀಸಾ ಮುಗಿಯಿತೋ? ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಬಹುದು ಅಂತ ಇತ್ತು, ಆ ಧೈರ್ಯದಲ್ಲೇ ಎಷ್ಟೋ ಮನೆಯವರು ಸಾಲ ಮಾಡಿದ್ದು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದೂ ಒಂದೂವರೆ ವರ್ಷಕ್ಕೆ ಇಳಿಯುತ್ತದೆ. ಆಮೇಲೂ ಉಳಿಯಬೇಕಾದರೆ ಕೆಲಸ ಕೊಡುವವರು ವೀಸಾ ಹಾಕಿಸಬೇಕು. ಅದಕ್ಕೆ ವರ್ಷಕ್ಕೆ 26,200 ಪೌಂಡ್ ಇದ್ದ ಸಾಮಾನ್ಯ ಸಂಬಳದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 38,700ಕ್ಕೆ ಏರಿಸಿದರು. ಆಗಷ್ಟೇ ಓದು ಮುಗಿಸಿದವರಿಗೆ ಸ್ವಲ್ಪ ರಿಯಾಯಿತಿ ಇದೆ, ಆದರೂ ಕೊಡುವವರು ಬೇಕಲ್ಲ. ನಿನಗೆ ಎಷ್ಟು ಕಡೆಯಿಂದ ಬೇಡ ಅಂತ ಮೇಲ್ ಬಂತು? ಊರಿನ ಮೇಲೆ ಆಸೆಯೂ ಇದ್ದಿರಬಹುದು, ನಾನು ಇಲ್ಲ ಅನ್ನುವುದಿಲ್ಲ. ಎರಡೂ ಇದ್ದರೆ ಎರಡನ್ನೂ ಬರಿ. ಮಣ್ಣಿನ ಕರೆ ಒಂದನ್ನೇ ಬರೆದರೆ ಅದು ಮದುವೆ ಮನೆಯಲ್ಲಿ ನೆಂಟರಿಗೆ ಕೊಡುವ ಉತ್ತರ ಆಗುತ್ತದೆ. "ಯಾಕೆ ಬಂದುಬಿಟ್ಟೆ, ಅಲ್ಲೇ ಇರಬಹುದಿತ್ತಲ್ಲ" ಅಂತ ಅವರು ಕೇಳುತ್ತಾರೆ, ನೀನು ಏನೋ ಒಂದು ಹೇಳಿ ಐಸ್‌ಕ್ರೀಮ್ ಕಡೆ ಹೋಗುತ್ತೀಯ. ಓದುವವರು ಆ ನೆಂಟರಲ್ಲ.

ಹೊಗಳಿಕೆ ಇದೆ ಅಂದಿದ್ದೆನಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆದ ಭಾಗ ಚೆನ್ನಾಗಿದೆ, ಬಹಳ ಚೆನ್ನಾಗಿದೆ. ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ ಅಂತ ಗಂಟೆ ಲೆಕ್ಕ ಬರೆದಿಟ್ಟುಕೊಳ್ಳುತ್ತಿದ್ದದ್ದು, ಬಿಸಿನೀರಿಗೆ ಬೆರಳು ಸುಲಿದದ್ದು, ರಾತ್ರಿ ಕೊನೇ ಬಸ್ಸು ತಪ್ಪಿದರೆ ನಡೆದೇ ಹೋಗಬೇಕಾದ ರಸ್ತೆ. ಅಲ್ಲಿ ನೀನು ವಿಶೇಷಣ ಹಾಕಿಲ್ಲ, ಹಾಕಲು ನಿನಗೆ ಪುರುಸೊತ್ತಿರಲಿಲ್ಲ ಅನ್ನಿಸುತ್ತದೆ. ಆದರೆ ಆ ಭಾಗ ಮುಗಿಸುವಾಗ "ಯಾವ ಕೆಲಸವೂ ಕೀಳಲ್ಲ ಅಂತ ಆ ದೇಶ ನನಗೆ ಕಲಿಸಿತು" ಅಂದುಬಿಟ್ಟೆ. ಅದಾಗಿ ಒಂದು ಪುಟ ದಾಟುವುದರೊಳಗೆ ಅಮ್ಮ ತಟ್ಟೆ ಎತ್ತಿಕೊಂಡು ಹೋಗುತ್ತಾರೆ, ನೀನು ಜಗಲಿಯಲ್ಲಿ ಕೂತು ಮಳೆ ನೋಡುತ್ತೀಯ! ನಾನು ಜೋರಾಗಿ ನಕ್ಕೆ. ಕಲಿತ ಪಾಠ ವಿಮಾನದಲ್ಲೇ ಉಳಿಯಿತಾ? ಇದನ್ನು ತಿದ್ದಬೇಡ, ಎರಡನ್ನೂ ಪಕ್ಕ ಪಕ್ಕ ಇಡು. ಕಲಿಸಿತು ಅನ್ನುವ ಸಾಲು ಮಾತ್ರ ಹೊಡೆದುಹಾಕು.

ಮತ್ತೆ ಮೂರನೇ ಪುಟ. ಅಲ್ಲಿ ಒಂದು ಸಾಲು ಇದೆ, ನೀನು ಬರೆದದ್ದು ನಿನಗೇ ನೆನಪಿದೆಯೋ ಇಲ್ಲವೋ: "ತೋಟದ ಕೆಲಸಕ್ಕೆ ಬರುವವರ ಲೋಟಗಳು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಟ್ಟ ಹಾಗೇ ಇದ್ದವು." ಅಷ್ಟೇ. ಅದಾದ ಮೇಲೆ ಪಾರಿಜಾತದ ಗಿಡ, ಬಾವಿಕಟ್ಟೆ, ಬೆಕ್ಕು. ತಮ್ಮಾ, ನಿನ್ನ ಪ್ರಬಂಧ ಆ ಸಾಲಿನಲ್ಲಿದೆ. ಹುಟ್ಟಿದಾಗಿನಿಂದ ಆ ಲೋಟ ಅಲ್ಲೇ ಇತ್ತು, ಹೋಗುವ ಮುಂಚೆ ನಿನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಬಿತ್ತು. ಯಾಕೆ ಬಿತ್ತು? ನೀನು ಅಲ್ಲಿ ಕಂಡವರ ಎಂಜಲು ತಟ್ಟೆ ತೊಳೆದು ಬಂದವನು, ಅದಕ್ಕಾ? ನೀನು ತೊಳೆದ ತಟ್ಟೆಯಲ್ಲಿ ಅವರು ಉಂಡರು, ಯಾರೂ ನಿನ್ನ ಜಾತಿ ಕೇಳಲಿಲ್ಲ, ಬಣ್ಣ ಬೇಕಾದರೆ ನೋಡಿರಬಹುದು. ಇಲ್ಲಿ ನಿಮ್ಮ ಕೊನೆ ಇಳಿಸಿಕೊಡುವವರು ತಮ್ಮ ಲೋಟ ತಾವೇ ತೊಳೆದು ಮಾಡಿಗೆ ಸಿಕ್ಕಿಸಿ ಹೋಗಬೇಕು. ಇಷ್ಟು ದೊಡ್ಡದನ್ನು ನೋಡಿಯೂ ನೀನು ಪಾರಿಜಾತದ ಕಡೆ ಓಡಿಹೋದೆ.

ಓದಿ ವಾಪಸ್ ಬಂದವರ ಬರಹ ಅಂದರೆ ನನಗೆ ಮೊದಲು ನೆನಪಾಗುವುದು ಅಂಬೇಡ್ಕರ್. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ, ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಕರಾರಿನ ಪ್ರಕಾರ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬರುತ್ತಾರೆ. ಹೊರದೇಶದಲ್ಲಿದ್ದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನುವುದೇ ಮರೆತುಹೋಗಿತ್ತು ಅಂತ ಅವರೇ ಬರೆದಿದ್ದಾರೆ. ರೈಲು ಇಳಿದ ಮೇಲೆ ಮೊದಲ ಪ್ರಶ್ನೆ, ಎಲ್ಲಿಗೆ ಹೋಗುವುದು, ಯಾರು ಇಟ್ಟುಕೊಳ್ಳುತ್ತಾರೆ? ಕೊನೆಗೆ ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದುಕೊಳ್ಳುತ್ತಾರೆ. ಹಳೆ ಸಾಮಾನು ತುಂಬಿದ ಕತ್ತಲ ಹಜಾರ, ಬಾವಲಿಗಳ ಸದ್ದು, ಒಂದು ಲಾಟೀನು. ಕೆಲವು ದಿನಕ್ಕೆ ಗುಟ್ಟು ರಟ್ಟಾಗಿ ಜನ ಕೋಲು ಹಿಡಿದು ಬರುತ್ತಾರೆ. ಊರಿನಲ್ಲಿ ಬೇರೆ ಯಾರೂ ಜಾಗ ಕೊಡುವುದಿಲ್ಲ, ರಾತ್ರಿಯ ಬೊಂಬಾಯಿ ರೈಲಿಗಾಗಿ ಪಾರ್ಕಿನಲ್ಲಿ ಕಾಯುತ್ತಾರೆ. ಅದನ್ನು ಓದುವಾಗ ಗಮನಿಸು, ಬಾವಲಿಯನ್ನು ಬಿಟ್ಟಿಲ್ಲ, ಲಾಟೀನನ್ನು ಬಿಟ್ಟಿಲ್ಲ, ಸಿಟ್ಟನ್ನು ಮಾತ್ರ ಎಲ್ಲೂ ಕಿರುಚಿ ಹೇಳಿಲ್ಲ. ತಾಯ್ನಾಡು, ಮಡಿಲು ಅಂತೆಲ್ಲ ನಾವು ಬರೆಯುತ್ತೇವೆ. ಎಲ್ಲರಿಗೂ ಊರು ಮಡಿಲು ಹಾಸಿ ಕಾಯುತ್ತಿರುವುದಿಲ್ಲ. ಇದು ಗೊತ್ತಿದ್ದು ಬರೆದ ಸಾರು ಬೇರೆ ರುಚಿ ಇರುತ್ತದೆ.

ನಮ್ಮ ಕಡೆಯದೇ ಬೇಕು ಅಂದರೆ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದ್ದಾರೆ. ಆಕ್ಸ್‌ಫರ್ಡಿನಲ್ಲಿ ಡಾಕ್ಟರೇಟ್ ಮಾಡಿ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಬಂದು ಕೂತರು, ಅದಕ್ಕೆ ರಾಮಪುರ ಅಂತ ಹೆಸರಿಟ್ಟುಕೊಂಡು ಬರೆದರು. ಸ್ನಾನ ಆದಮೇಲೆ ಗಡ್ಡ ಹೆರೆದುಕೊಂಡಿದ್ದಕ್ಕೆ ಊರ ಪಟೇಲರು ಈ ಬ್ರಾಹ್ಮಣ ಪ್ರೊಫೆಸರಿಗೇ ಮೈಲಿಗೆಯ ಪಾಠ ಹೇಳುತ್ತಾರೆ! ಅವರು ಅದನ್ನು ಅವಮಾನ ಅಂದುಕೊಳ್ಳದೆ ಬರೆದಿಟ್ಟುಕೊಂಡರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಬೆಂಕಿ ಬಿದ್ದು, ಅವರು ವರ್ಷಗಟ್ಟಲೆ ಸಿದ್ಧಮಾಡಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ಆಮೇಲೆ ಬಹುಪಾಲು ನೆನಪಿನಿಂದಲೇ ಆ ಹಳ್ಳಿಯ ಪುಸ್ತಕ ಬರೆದರು, 1976ರಲ್ಲಿ ಬಂತು. ನಿನಗೆ ಇದನ್ನು ಯಾಕೆ ಹೇಳಿದೆ ಅಂದರೆ, ಅಷ್ಟು ನೆನಪು ಉಳಿಯಬೇಕಾದರೆ ಮೊದಲು ಅಷ್ಟು ನೋಡಿರಬೇಕು. ತನ್ನ ಸೀಮೆಯನ್ನೇ ಪರದೇಶ ನೋಡುವ ಹಾಗೆ ಕೂತು ನೋಡಿದರು. ಗ್ಲಾಸ್ಗೋದಲ್ಲಿ ನೀನು ಬಸ್ ಟಿಕೆಟ್ಟಿನ ರೇಟು, ಕಸದ ಡಬ್ಬಿಯ ಬಣ್ಣ ಕೂಡ ಬರೆದಿದ್ದೀಯ. ಊರಿಗೆ ಬಂದ ಕೂಡಲೇ ಕಣ್ಣು ಮಂಜಾಯಿತು. ನಿಮ್ಮ ತೋಟದಲ್ಲಿ ಹೆಣ್ಣಾಳಿಗೆ ದಿನಕ್ಕೆ ಎಷ್ಟು, ಗಂಡಾಳಿಗೆ ಎಷ್ಟು? ಅಡಿಕೆ ಸುಲಿಯುವವರಿಗೆ ಕೇಜಿಗೆ ಎಷ್ಟು? ಅವರ ಮಕ್ಕಳು ಎಲ್ಲಿ ಓದುತ್ತಾರೆ? ಇದು ಅರ್ಧ ದಿನ ಕೂತು ಕೇಳಿದರೆ ಸಿಗುವ ವಿಷಯ.

ಲೋಟದ ಬಗ್ಗೆ ಒಂದು ಎಚ್ಚರಿಕೆ. ಈಗ ನಾನು ಹೇಳಿದೆ ಅಂತ ಕೂತು "ಅಯ್ಯೋ ನಾನೆಂಥ ಪಾಪಿ" ಅಂತ ನಾಲ್ಕು ಪುಟ ಅಳಬೇಡ. ಅದನ್ನು ಸಾರಿಗಿಂತ ಜಾಸ್ತಿ ಓದಿದ್ದೇನೆ, ಅದರಲ್ಲೂ ಬರೆದವನೇ ಹೀರೋ. ಆ ಲೋಟದಲ್ಲಿ ಚಾ ಕುಡಿಯುವವರಿಗೆ ಮುಖ ಇದೆ, ಮಾತು ಇದೆ, ನಿಮ್ಮ ಮನೆಯ ಬಗ್ಗೆ ಅವರಿಗೆ ಅವರದೇ ಅಭಿಪ್ರಾಯಗಳಿವೆ, ಅದು ನಿನಗೆ ಹಿತವಾಗದೇ ಇರಬಹುದು. ಹೋಗಿ ಮಾತಾಡು. ಪೆನ್ನು ಹಿಡಿದು ಹೋಗಬೇಡ, ದೋಟಿ ಹಿಡಿಯಲು ಹೋಗು. ಅಮ್ಮನನ್ನೂ ಕೇಳು, ಜಗಳಕ್ಕಲ್ಲ, ಯಾವಾಗಿನಿಂದ ಹೀಗೆ, ಅಜ್ಜಿ ಕಾಲದಲ್ಲಿ ಹೇಗಿತ್ತು ಅಂತ. ಅವರು ಹೇಳುವ ಉತ್ತರದಲ್ಲಿ ನೀನು ಅಂದುಕೊಂಡಿಲ್ಲದ್ದು ಏನಾದರೂ ಇದ್ದೇ ಇರುತ್ತದೆ. ಅಮ್ಮನ ತಲೆಯಲ್ಲಿ ಏನಿದೆ ಅಂತ ಕೇಳಿದೆನಲ್ಲ, ಅದಕ್ಕೂ ಇದೇ ದಾರಿ.

ಅಚ್ಚಾದರೆ ಊರಿನವರು ಓದುತ್ತಾರೆ, ಅಪ್ಪ ಓದುತ್ತಾರೆ. ಅಪ್ಪನಿಗೆ ಮುಂಚೆ ತೋರಿಸು, ಒಪ್ಪಿಗೆ ಕೇಳಬೇಡ. ಪತ್ರಿಕೆಯಲ್ಲಿ ನೋಡಿ ತಿಳಿದುಕೊಳ್ಳುವ ಹಾಗೆ ಆಗಬಾರದು ಅಷ್ಟೇ. ಎರಡು ದಿನ ಮಾತು ಬಿಡಬಹುದು. ಸಾಲಕ್ಕೆ ಪಹಣಿ ಕೊಟ್ಟವರು, ಅಷ್ಟು ಹಕ್ಕು ಅವರಿಗಿದೆ. ಕೆಲಸದವರ ಹೆಸರು ಬದಲಿಸು, ಗುರುತು ಸಿಗುವ ಹಾಗೆ ಬರೆಯಬೇಡ. ನೀನು ಬರೆದು ಬೆಂಗಳೂರಿಗೆ ಹೋಗುತ್ತೀಯ, ನಾಳೆ ಅದೇ ಅಂಗಳಕ್ಕೆ ಕೆಲಸಕ್ಕೆ ಬರಬೇಕಾದವರು ಅವರು.

ಬೆಂಗಳೂರು ಅಂದಾಗ ನೆನಪಾಯಿತು. ಕೆಲಸಕ್ಕೆ ಹೋಗಲಾ, ಊರಿನಲ್ಲೇ ಇದ್ದು ಬರೆಯಲಾ ಅಂತ ಕೇಳಿದ್ದೀಯ. ಕೆಲಸಕ್ಕೆ ಹೋಗು ಮಾರಾಯ. ಕಂತು ಶುರುವಾಗುತ್ತದೆ, ಪ್ರಬಂಧಕ್ಕೆ ಪತ್ರಿಕೆಗಳು ಎಷ್ಟು ಕೊಡುತ್ತವೆ ಅಂತ ನಿನಗೆ ಗೊತ್ತಾದರೆ ಅಳು ಬರುತ್ತದೆ. ಬರೆಯಲು ತೋಟದ ಮಧ್ಯೆ ಕೂರಬೇಕು ಅಂತೇನಿಲ್ಲ. ಆದರೆ ಹೋಗುವ ಮೊದಲು ಈಗ ಕಾಣುತ್ತಿರುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೋ, ಒರಟೊರಟಾಗಿ, ಚಂದ ಮಾಡದೆ. ಇನ್ನೊಂದು ಮಳೆಗಾಲ ಕಳೆದರೆ ನಿನಗೆ ಮತ್ತೆ ಎಲ್ಲ ಅಭ್ಯಾಸ ಆಗಿಬಿಡುತ್ತದೆ. ತೀರ್ಪು ಕೊಡುವ ಅವಸರ ಮಾತ್ರ ಬೇಡ. ಅಲ್ಲಿ ಹಾಗೆ, ಇಲ್ಲಿ ಹೀಗೆ ಅನ್ನುವ ಹೋಲಿಕೆ ಎಷ್ಟಿದೆಯೋ ಅಷ್ಟನ್ನೂ ತೆಗೆದರೆ ಪ್ರಬಂಧ ಒಂದು ಪುಟ ಕಮ್ಮಿಯಾಗುತ್ತದೆ, ಆ ಜಾಗಕ್ಕೆ 28 ದಿನದ ಕಥೆ ಬರಲಿ.

ಈ ದೀಪಾವಳಿಗೆ ಕಳಿಸಬೇಡ, ಗಡುವು ಹತ್ತಿರ ಬಂದರೆ ಮತ್ತೆ ಪಾರಿಜಾತವೇ ಬರುತ್ತದೆ. ತಿದ್ದಿದ್ದನ್ನು ನನಗೆ ಕಳಿಸು, ವಾಟ್ಸಾಪಿನಲ್ಲಿ ಬೇಡ, ಕಣ್ಣು ಸಾಲುವುದಿಲ್ಲ, ಪ್ರಿಂಟ್ ತೆಗೆದು ಎರಡು ಸಾಲಿನ ನಡುವೆ ಜಾಗ ಬಿಟ್ಟು ಪೋಸ್ಟಿಗೆ ಹಾಕು. ಅಡಿಕೆ ಸುಲಿಯುವ ಹೊತ್ತಿಗೆ ನಾನು ಆ ಕಡೆ ನೆಂಟರ ಮನೆಗೆ ಬರುವುದಿದೆ. ಬಂದರೆ ನಿಮ್ಮ ಮನೆಗೂ ಬರುತ್ತೇನೆ, ನಿನ್ನ ಹತ್ತಿರ ಮಾತಾಡೋದಕ್ಕಲ್ಲ, ನಿಮ್ಮಮ್ಮನ ಹತ್ತಿರ.

ಇಂತಿ,
ನಿನ್ನ ಅಕ್ಕ