ನಿನ್ನ ಗ್ರ್ಯಾಂಡ್‌ಮಾ ನಮ್ಮ ಮದುವೆಗೆ ಯಾಕೆ ಬರಲಿಲ್ಲ

ಪುಟ್ಟಿ,

ಕನ್ನಡದಲ್ಲೇ ಬರೀತಿದ್ದೀನಿ. ನೀನು ಅಳ್ತಾ ಇದ್ರೂ ಭಾನುವಾರದ ಕನ್ನಡ ಕ್ಲಾಸಿಗೆ ಎಳ್ಕೊಂಡು ಹೋಗಿದ್ದು ಇವತ್ತಿಗೇ ಅಂದ್ಕೋ. ಒತ್ತಕ್ಷರ ಬಂದಲ್ಲಿ ನಿಧಾನಿಸು, ತಿಳೀದಿದ್ರೆ ಫೋಟೋ ತೆಗೆದು ಕಳಿಸು. ಇಂಗ್ಲಿಷಿನಲ್ಲಿ ಬರೆಯೋಕೆ ಕೂತರೆ ನಾನು ತೀರಾ ಸಭ್ಯಳಾಗಿಬಿಡ್ತೀನಿ. ಇವತ್ತು ಅದು ಬೇಡ.

ಮೊನ್ನೆ "ಗ್ರ್ಯಾಂಡ್‌ಮಾ ಸಾಯೋವರೆಗೂ ಸುಳ್ಳೇ ಹೇಳಿದ್ರು" ಅಂತ ಫೋನ್ ಇಟ್ಟೆಯಲ್ಲ, ನಾನು ಸುಮ್ಮನಿದ್ದೆ. ಅವರ ಪರವಾಗಿ ಮಾತಾಡೋಕೆ ಹೋದರೆ ನನ್ನದೊಂದು ಸಂಗತಿಯನ್ನೂ ಹೇಳಬೇಕಾಗ್ತಿತ್ತು. ಅದಕ್ಕೆ ಧೈರ್ಯ ಬರಲಿಲ್ಲ.

ಇದೆಲ್ಲ ಶುರುವಾಗಿದ್ದು ಹೇಗೆ, ನೆನಪಿದೆಯಾ? 2025ರ ಮೇ ತಿಂಗಳು, ಹದಿನಾಲ್ಕನೇ ಲಿಯೋ ಪೋಪ್ ಆದ ವಾರ. ನಮ್ಮ ಶಿಕಾಗೋದವರು ಅಂತ ಇಲ್ಲೆಲ್ಲ ಸಂಭ್ರಮ. ಅಷ್ಟರಲ್ಲಿ ನ್ಯೂ ಆರ್ಲಿಯನ್ಸಿನ ವಂಶಾವಳಿ ಸಂಶೋಧಕರೊಬ್ಬರು ಅವರ ತಾಯಿಯ ತಂದೆತಾಯಿಯ ಕಾಗದಪತ್ರ ಹೊರಗೆ ತಂದರು. 1900ರ ಜನಗಣತಿಯಲ್ಲಿ ನ್ಯೂ ಆರ್ಲಿಯನ್ಸಿನ ಸೆವೆಂತ್ ವಾರ್ಡ್ ಅನ್ನೋ ಬಡಾವಣೆಯಲ್ಲಿ ಕಪ್ಪು ಜನ ಅಂತ ಬರೆಸಿಕೊಂಡಿದ್ದ ಸಂಸಾರ, 1920ರಲ್ಲಿ ಶಿಕಾಗೋದಲ್ಲಿ ಬಿಳಿಯರು. ಮನೆಯಲ್ಲಿ ಆ ಮಾತೇ ಬರ್ತಿರಲಿಲ್ಲ ಅಂತ ಪೋಪರ ಅಣ್ಣ ಹೇಳಿದರು. ಪೇಪರ್ ಓದ್ತಿದ್ದ ನಿನ್ನ ಡ್ಯಾಡ್ "ನನ್ನಮ್ಮನೂ ಸೆವೆಂತ್ ವಾರ್ಡಿನವಳೇ" ಅಂದವರು ಎದ್ದು ಹೋಗಿ ಹುಲ್ಲು ಕತ್ತರಿಸೋಕೆ ಶುರು ಮಾಡಿದರು. ನೀನು ಡಿಎನ್ಎ ಕಿಟ್ ತರಿಸಿದೆ. ಪಶ್ಚಿಮ ಆಫ್ರಿಕ ಆರು ಪರ್ಸೆಂಟ್ ಅಂತ ಬಂದಾಗ ಮೊದಲು ನನ್ನನ್ನೇ ಕೇಳಿದೆ, "ಅಮ್ಮ, ನಿಮ್ಮ ಕಡೆ ಸಿದ್ದಿಗಳು ಯಾರಾದ್ರೂ?" ಅಂತ. ಸಿದ್ದಿಗಳಿರೋದು ಯಲ್ಲಾಪುರ, ಹಳಿಯಾಳದ ಕಡೆ ಕಣೇ. ನಮ್ಮದು ಹಾಸನ. ಜೊತೆಗೆ ಅವರ ಮೂಲ ಆಫ್ರಿಕದ ಪೂರ್ವ ಭಾಗ.

ಡ್ಯಾಡ್ ಈಗ ಎರಡು ಹಾಳೆ ಪ್ರಿಂಟ್ ಹಾಕಿಸಿ ಬೇಸ್‌ಮೆಂಟಿನ ಮೇಜಿನ ಮೇಲೆ ಇಟ್ಕೊಂಡಿದ್ದಾರೆ. ಈ ದೇಶ ಗಣತಿಯ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತೆ. 1940ರ ಹಾಳೆಯಲ್ಲಿ ಗ್ರ್ಯಾಂಡ್‌ಮಾ ಎಂಟು ವರ್ಷದ ಹುಡುಗಿ, ಪಕ್ಕದ ಸಾಲಿನಲ್ಲಿ ತಂಗಿ, ಬಣ್ಣದ ಕಾಲಮ್ಮಿನಲ್ಲಿ ಇಬ್ಬರಿಗೂ 'ನೀಗ್ರೋ' ಅಂತ. 1950ರಲ್ಲಿ ಅವರೊಬ್ಬರೇ, ಶಿಕಾಗೋದಲ್ಲಿ ಬಾಡಿಗೆ ಕೋಣೆಯ ಟೈಪಿಸ್ಟ್, 'ಬಿಳಿ'. ಆಗ ಆ ಕಾಲಮ್ ತುಂಬ್ತಿದ್ದವನು ಬಾಗಿಲಿಗೆ ಬಂದ ಗಣತಿದಾರ. ಜನ ತಮ್ಮದನ್ನು ತಾವೇ ಬರೆದುಕೊಳ್ಳೋಕೆ ಶುರುವಾಗಿದ್ದು 1960ರಲ್ಲಿ. ಅಂದರೆ ಅವತ್ತು ಅವರು ಬಾಯಿಬಿಟ್ಟು ಸುಳ್ಳು ಹೇಳಿದರೋ, ಬಂದವನು ಮುಖ ನೋಡಿ ಬರ್ಕೊಂಡು ಹೋದನೋ, ಯಾರಿಗೆ ಗೊತ್ತು.

ಅವನ ಹಿಂದೆ ಓಡಿಹೋಗಿ ತಿದ್ದಿಸಬೇಕಿತ್ತು ಅಂತೀಯಾ? ಮರುವರ್ಷ ಜುಲೈನಲ್ಲಿ ಶಿಕಾಗೋ ಪಕ್ಕದ ಸಿಸಿರೋ ಅನ್ನೋ ಊರಿನಲ್ಲಿ ಒಂದು ಕಪ್ಪು ಸಂಸಾರ ಬಾಡಿಗೆಗೆ ಅಪಾರ್ಟ್‌ಮೆಂಟ್ ಹಿಡಿದದ್ದಕ್ಕೆ ಸಾವಿರಾರು ಜನ ನುಗ್ಗಿ ಕಟ್ಟಡ ಹಾಳುಮಾಡಿದರು, ಸಾಮಾನನ್ನು ಕಿಟಕಿಯಿಂದ ಎಸೆದು ಸುಟ್ಟರು. ನ್ಯಾಷನಲ್ ಗಾರ್ಡ್ ಪಡೆ ಬರಬೇಕಾಯ್ತು. ಗ್ರ್ಯಾಂಡ್‌ಮಾಗೆ ಆಗ ಇಪ್ಪತ್ತು. ಮಾರನೆಯ ದಿನ ಆಫೀಸಿನಲ್ಲಿ ಅದರ ಬಗ್ಗೆ ಏನೇನು ಮಾತು ಕೇಳಿಸಿಕೊಂಡು ಟೈಪ್ ಮಾಡ್ತಾ ಕೂತಿದ್ದರೋ!

ಕಪ್ಪು ಮನೆತನದವರು ಹೀಗೆ ಬಿಳಿಯರಾಗಿ ಬದುಕೋದಕ್ಕೆ ಇಲ್ಲಿ 'ಪಾಸಿಂಗ್' ಅಂತಾರೆ, ನ್ಯೂ ಆರ್ಲಿಯನ್ಸಿನವರು 'ಪಾಸೆ ಬ್ಲಾಂ' ಅಂತಿದ್ದರು. ಆ ಊರಿನ ಹೋಮರ್ ಪ್ಲೆಸಿ ಅನ್ನೋನು 1892ರಲ್ಲಿ ರೈಲಿನಲ್ಲಿ ಬಿಳಿಯರ ಬೋಗಿಯಲ್ಲಿ ಕೂತು, ಕಪ್ಪು ಜನರನ್ನು ಬೇರೆ ಕೂರಿಸೋ ಕಾನೂನನ್ನು ಬೇಕಂತಲೇ ಮುರಿದು ಬಂಧನಕ್ಕೊಳಗಾದ. ಅವನ ಪೂರ್ವಜರಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯರು. ಕಣ್ಣಿಗೆ ಕಾಣದ ಒಂದು ಪಾಲಿಗೆ ಬಂಧನ! 1896ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನೇ ಸರಿ ಅಂದುಬಿಟ್ಟಿತು.

ಈಗ ಮದುವೆಯ ವಿಷಯ. 1996ರಲ್ಲಿ ಹಾಸನದಲ್ಲಿ ನಮ್ಮ ಮದುವೆ. ಗ್ರ್ಯಾಂಡ್‌ಪಾ ಒಬ್ಬರೇ ಬಂದರು. ಗ್ರ್ಯಾಂಡ್‌ಮಾಗೆ ಮಂಡಿ ನೋವಂತೆ, ವಿಮಾನ ಆಗಿಬರೋದಿಲ್ಲವಂತೆ. "ಒಬ್ಬನೇ ಮಗನ ಮದುವೆಗೆ ಬರದ ಬೀಗಿತ್ತಿ ಎಂಥವಳೇ" ಅಂತ ನನ್ನ ಅಮ್ಮ ಸಾಯೋವರೆಗೂ ಆಡಿಕೊಂಡಳು. ನಾನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ: ಕಂದು ಬಣ್ಣದ ಸೊಸೆ ಬೇಡವಾಗಿರಬೇಕು ಅಂತ. ಹೋದ ವಾರ ಡ್ಯಾಡ್ ಹೇಳಿದ್ದು ಕೇಳು. ಅವರಮ್ಮ ಪಾಸ್‌ಪೋರ್ಟನ್ನೇ ಮಾಡಿಸಿರಲಿಲ್ಲ. ಪಾಸ್‌ಪೋರ್ಟಿಗೆ ಜನನ ಪತ್ರ ಬೇಕು. ನ್ಯೂ ಆರ್ಲಿಯನ್ಸ್ ಇರೋ ಲೂಸಿಯಾನ ರಾಜ್ಯದ ಜನನ ಪತ್ರದಲ್ಲಿ ಏನಿರುತ್ತೆ ಅಂತ ಅವರಿಗೆ ಗೊತ್ತಿತ್ತು. ಸೂಸಿ ಫಿಪ್ಸ್ ಅಂತ ಅದೇ ರಾಜ್ಯದ ಹೆಂಗಸು 1977ರಲ್ಲಿ ಪಾಸ್‌ಪೋರ್ಟಿಗೆ ಹೋದಾಗಲೇ ತನ್ನ ಪತ್ರದಲ್ಲಿ 'ಕಲರ್ಡ್', ಅಂದರೆ ಬಿಳಿಯಳಲ್ಲ, ಅಂತ ಇರೋದು ಗೊತ್ತಾಗಿದ್ದು. ಮೂವತ್ತೆರಡರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಪ್ಪು ರಕ್ತ ಇದ್ದರೆ ಕಪ್ಪು ಅನ್ನೋ ಲೆಕ್ಕ ಅಲ್ಲಿನ 1970ರ ಕಾನೂನಿನಲ್ಲಿತ್ತು. 1983ರಲ್ಲಿ ಅದನ್ನು ರದ್ದು ಮಾಡಿದರೂ ಆಕೆ ಕೇಸು ಸೋತಳು. ಎಲ್ಲ ಪೇಪರಿನಲ್ಲೂ ಬಂದ ಸುದ್ದಿ. ಗ್ರ್ಯಾಂಡ್‌ಮಾ ಪೇಪರನ್ನು ಕೊನೇ ಪುಟದವರೆಗೂ ಓದೋರು.

ಇನ್ನು ನನ್ನ ಪಾಲಿನದ್ದು. ನಿನ್ನ ಡ್ಯಾಡ್ ವಿಷಯ ಹೇಳೋಕೆ ಐಎಸ್‌ಡಿ ಕಾಲ್ ಮಾಡಿದಾಗ ಹಾಸನದ ತಾತ ಬಹಳ ಹೊತ್ತು ಮಾತಾಡಲಿಲ್ಲ. ಜಾತಿ ಹೋಯ್ತು, ಕುಲ ಹೋಯ್ತು ಅಂತ ಅಜ್ಜಿ ಹಿಂದೆ ಅಳ್ತಿದ್ದಳು. ಕೊನೆಗೆ ತಾತ ಕೇಳಿದ್ದು ಒಂದೇ: "ಬಿಳಿಯರೇ ತಾನೆ?" ನಾನು, "ಹೌದಪ್ಪ, ಬಿಳಿಯರೇ" ಅಂದೆ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಅದಲ್ಲ ನಾನು ಹೇಳಬೇಕಾಗಿದ್ದು. ನನಗೂ ಆ ಕ್ಷಣ ಸಮಾಧಾನವಾಯ್ತು ಪುಟ್ಟಿ. ಕೈಯಲ್ಲಿ ಒಂದು ತುರುಪು ಎಲೆ ಇದೆ ಅನ್ನೋ ಹಾಗೆ. ಇಷ್ಟಕ್ಕೂ ನಮ್ಮವರಿಗೆ ಈ ದೇಶ ಏನು ಹೇಳಿತ್ತು? 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನೋ ಪಂಜಾಬಿಗೆ, 'ನಾನು ಮೇಲ್ಜಾತಿ, ಆರ್ಯ' ಅಂತ ವಾದಿಸಿದರೂ, 'ನೀನು ಬಿಳಿಯನಲ್ಲ' ಅಂತ ಸುಪ್ರೀಂ ಕೋರ್ಟು ಹೇಳಿ ಪೌರತ್ವ ಇಲ್ಲವೆಂದಿತು. ನಾನು ಮಾತ್ರ ಅದೇ ಏಣಿಯ ಮೇಲೆ ನಿಂತು ಅಪ್ಪನಿಗೆ ಮೆಟ್ಟಿಲು ತೋರಿಸಿದೆ. ಪುರೋಹಿತರು, ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಅಂತ ಡ್ಯಾಡ್‌ಗೆ ಅದನ್ನೇ ಕೊಟ್ಟು, ಗಂಡಿನ ತಂದೆ, ಅಜ್ಜ, ಮುತ್ತಜ್ಜನ ಹೆಸರು ಕೇಳಿ ಮುಗಿಸಿದರು. ತಾಯಿಯ ಕಡೆಯದು ಯಾರಿಗೂ ಬೇಕಿರಲಿಲ್ಲ.

ನೀನು ಹುಟ್ಟಿದಾಗ ನನ್ನಮ್ಮ ಬಾಣಂತನಕ್ಕೆ ಬಂದಳು. ಬಸುರಿನಲ್ಲಿ ಕೇಸರಿ ಹಾಲು ಕುಡಿದರೂ ಬಣ್ಣ ಬರಲಿಲ್ಲ ಅಂತ ಕಡಲೆಹಿಟ್ಟು ಹಚ್ಚಿ ಹಚ್ಚಿ ನಿನ್ನ ಮೈ ಕೆಂಪು ಮಾಡಿದಳು. ಗ್ರ್ಯಾಂಡ್‌ಮಾ ಎತ್ತಿಕೊಂಡವರೇ ನಿನ್ನ ಕಿವಿಯ ಅಂಚು ಮಡಚಿ ನೋಡಿದರು, ಉಗುರಿನ ಬುಡ ನೋಡಿದರು. ಆಮೇಲೆ ನಕ್ಕರು. ಹಾಗೆ ಗಟ್ಟಿಯಾಗಿ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಗುವಿನ ಬಣ್ಣ ಮುಂದೆ ಕಿವಿಯ ಅಂಚಿನಲ್ಲಿ ಗೊತ್ತಾಗುತ್ತೆ ಅಂತ ಅವರ ಕಡೆಯ ಹಳೇ ನಂಬಿಕೆಯಂತೆ, ಈಗ ತಿಳಿಯಿತು. ಒಂದು ಮಗು ಆದಮೇಲೆ ಇನ್ನೊಂದನ್ನು ಹೆರಲು ಹೆದರಿದ ಹೆಂಗಸಿಗೆ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಕಂದು ಮೊಮ್ಮಗಳು ಸಿಕ್ಕಿದ್ದಳು. ಬಣ್ಣಕ್ಕೆ ಕಾರಣ ನಾನಿದ್ದೆನಲ್ಲ.

"ಒಡಹುಟ್ಟಿದವಳನ್ನು ಬಿಟ್ಟು ಹೇಗೆ ಬಂದರು" ಅಂತ ಕೇಳಿದೆ. ಈ ದೇಶದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ಮತ್ತು ಅವನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಮಗಳು ಹ್ಯಾರಿಯೆಟ್ 1822ರಲ್ಲಿ ಅವನ ಎಸ್ಟೇಟ್ ಮಾಂಟಿಚೆಲೊ ಬಿಟ್ಟು ಬಿಳಿಯರಲ್ಲಿ ಸೇರಿಹೋದಳು. ಕಪ್ಪು ಜನರ ನಡುವೆಯೇ ಉಳಿದ ತಮ್ಮ ಮ್ಯಾಡಿಸನ್ 1873ರಲ್ಲಿ ತನ್ನ ಕಥೆ ಹೇಳುವಾಗ, ಅಕ್ಕನ ಗಂಡನ ಹೆಸರು ಗೊತ್ತಿದ್ದರೂ ಹೇಳೋದಿಲ್ಲ ಅಂದ. ಗುಟ್ಟನ್ನು ಹೋದವರು ಮಾತ್ರ ಕಾಯೋದಲ್ಲ. ನಿನಗೆ ಮೆಸೇಜ್ ಮಾಡಿದ ಆ ಹುಡುಗಿ ನಿನ್ನೆ ನನ್ನ ಜೊತೆ ಒಂದು ಗಂಟೆ ಮಾತಾಡಿದಳು. ಅವಳಜ್ಜಿ, ಅಂದರೆ ಗ್ರ್ಯಾಂಡ್‌ಮಾ ತಂಗಿ, ಅಕ್ಕನ ವಿಳಾಸ ಇಟ್ಟುಕೊಂಡಿದ್ದರಂತೆ. ಒಂದು ಕಾಗದವನ್ನೂ ಹಾಕಲಿಲ್ಲ. "ಅವಳ ಮನೆ ಬಾಗಿಲಿಗೆ ಹೋಗಬೇಡಿ, ಅವಳ ಸಂಸಾರ ಕೆಡುತ್ತೆ" ಅಂತ ಮಕ್ಕಳಿಗೆಲ್ಲ ಹೇಳಿಟ್ಟಿದ್ದರಂತೆ.

ಸೋಮವಾರ ಬಂದರೆ ಗ್ರ್ಯಾಂಡ್‌ಮಾ ಕೆಂಪು ಬೀನ್ಸ್, ಅನ್ನ ಮಾಡೋರು. ನಾನು ನಮ್ಮ ಸೋಮವಾರದ ವ್ರತದಂಥದ್ದೇನೋ ಅಂದ್ಕೊಂಡಿದ್ದೆ. ನ್ಯೂ ಆರ್ಲಿಯನ್ಸಿನಲ್ಲಿ ಸೋಮವಾರ ಬಟ್ಟೆ ಒಗೆಯೋ ದಿನವಂತೆ, ಒಲೆ ಮೇಲೆ ಬೀನ್ಸ್ ಇಟ್ಟು ಮರೆತರೂ ನಡೆಯುತ್ತೆ. ನವೆಂಬರ್ 1ಕ್ಕೆ ಅಡುಗೆಮನೆ ಮೇಜಿನ ಮೇಲೆ ಸೇವಂತಿಗೆ ಇಡ್ತಿದ್ದರು. ನನಗೆ ಇಷ್ಟ ಅಂತ ತರ್ತಾರೆ ಅಂತ ನಾನು ಪ್ರತಿ ವರ್ಷ ಥ್ಯಾಂಕ್ಸ್ ಹೇಳ್ತಿದ್ದೆ, ಅವರೂ ಹೇಳಿಸಿಕೊಳ್ತಿದ್ದರು. ಅವತ್ತು ಅವರ ಊರಿನಲ್ಲಿ ಸಮಾಧಿಗೆ ಸುಣ್ಣ ಬಳಿದು ಸೇವಂತಿಗೆ ಇಡ್ತಾರೆ.

ಆ ಹುಡುಗಿ ನಮ್ಮನ್ನು ನವೆಂಬರ್ 1ಕ್ಕೆ ಕರೆದಿದ್ದಾಳೆ. ಡ್ಯಾಡ್ ಇನ್ನೂ ಹೂಂ ಅಂದಿಲ್ಲ, ಆದರೆ ನಿನ್ನೆ ರಾತ್ರಿ ಟಿಕೆಟ್ ದರ ನೋಡ್ತಿದ್ದರು. ನಿನಗೆ ರಜೆ ಸಿಗುತ್ತಾ ಹೇಳು. ಅವರಿಗೆ ಗ್ರ್ಯಾಂಡ್‌ಮಾ ವಯಸ್ಸಾದಮೇಲಿನ ಒಂದು ಫೋಟೋ ಬೇಕಂತೆ, ತಂಗಿಯ ಫೋಟೋ ಪಕ್ಕ ಹಾಕೋಕೆ. ನಮ್ಮ ಆಲ್ಬಮ್ಮಿನಲ್ಲಿರೋದರಲ್ಲೆಲ್ಲ ದೊಡ್ಡ ಟೋಪಿ, ಮುಖ ನೆರಳಿನಲ್ಲಿ. ನಿನ್ನ ಹತ್ತನೇ ಹುಟ್ಟುಹಬ್ಬದಲ್ಲಿ ಅವರ ಟೋಪಿ ಕಿತ್ತು ನೀನು ಹಾಕಿಕೊಂಡು ಕುಣಿದೆಯಲ್ಲ, ಆಗ ಯಾರಾದರೂ ತೆಗೆದಿರಬೇಕು. ಹುಡುಕಿ ಕಳಿಸು.

ನಿನ್ನ,
ಅಮ್ಮ