ವಾರಕ್ಕೆ ಐದು ಕೆ.ಜಿ.: ಲೆಕ್ಕ ಕೂಡುವುದಿಲ್ಲ

ಮಾನ್ಯ ಸಂಪಾದಕರೇ,

ಮದುವೆ ಸೀಸನ್ನು ಹತ್ತಿರ ಬಂತೆಂದರೆ ‘7 ದಿನದಲ್ಲಿ 5 ಕೆ.ಜಿ. ಇಳಿಸಿ’ ಎಂಬ ಜಾಹೀರಾತು ಬಸ್ಸಿನ ಬೆನ್ನಿನಿಂದ ಹಿಡಿದು ಮೊಬೈಲಿನ ತನಕ ಎಲ್ಲೆಲ್ಲೂ ಕಾಣಿಸಿಕೊಳ್ಳುತ್ತದೆ. ದುಡ್ಡು ಕಟ್ಟುವ ಮೊದಲು ಒಂದು ಗುಣಾಕಾರ, ಒಂದು ಭಾಗಾಕಾರ ಮಾಡಿ ನೋಡಿದರೆ ಸಾಕು. ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕಿಲೋ ಕ್ಯಾಲೊರಿ ಇರುತ್ತದೆ (ನಾವು ಬಾಯಿಮಾತಿನಲ್ಲಿ ಕ್ಯಾಲೊರಿ ಎನ್ನುವುದು ಇದನ್ನೇ). ಐದು ಕೆ.ಜಿ.ಗೆ 38,500 ಆಯಿತು. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 5,500. ಆದರೆ ಮನೆಗೆಲಸ, ಕುರ್ಚಿಯ ಕೆಲಸ ಎರಡನ್ನೂ ನಿಭಾಯಿಸುವ 68 ಕೆ.ಜಿ.ಯ ಮಹಿಳೆಯ ದೇಹ ಇಡೀ ದಿನಕ್ಕೆ ಖರ್ಚು ಮಾಡುವುದೇ 1,800ರ ಆಸುಪಾಸು. ಏಳು ದಿನವೂ ಬರೀ ನೀರು ಕುಡಿದುಕೊಂಡಿದ್ದರೂ ಕರಗುವ ಕೊಬ್ಬು 1.6 ಕೆ.ಜಿ. ದಾಟುವುದಿಲ್ಲ.

ಹಾಗಿದ್ದರೂ ಮೊದಲ ವಾರದಲ್ಲಿ ತೂಕದ ಯಂತ್ರ ಎರಡು ಮೂರು ಕೆ.ಜಿ. ಕಡಿಮೆ ತೋರಿಸುವುದುಂಟು. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ರೂಪದಲ್ಲಿ ನಾಲ್ಕೈದು ನೂರು ಗ್ರಾಂ ಪಿಷ್ಟ ಶೇಖರವಾಗಿರುತ್ತದೆ. ಒಂದೊಂದು ಗ್ರಾಂ ಗ್ಲೈಕೊಜೆನ್ ಮೂರು ಗ್ರಾಂನಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಚಪಾತಿ ಏಕಾಏಕಿ ಬಿಟ್ಟಾಗ ಆ ಪಿಷ್ಟ ಖರ್ಚಾಗಿ ನೀರೂ ಹೊರಟುಹೋಗುತ್ತದೆ. ಒಂದೆರಡು ಹೋಳಿಗೆ ಊಟವಾದರೆ ಅಷ್ಟೂ ವಾಪಸ್ಸು. ಇದನ್ನೇ ಕೆಲವರು ‘ನನ್ನ ಮೈಗೆ ಗಾಳಿ ಕುಡಿದರೂ ತೂಕ ಬರುತ್ತದೆ’ ಎಂದು ಹೇಳಿಕೊಂಡು ಕೊರಗುತ್ತಾರೆ.

ಕೊಬ್ಬು ಕರಗಬೇಕಾದರೆ ಖರ್ಚಿಗಿಂತ ಆದಾಯ ಕಡಿಮೆ ಇರಬೇಕು. ಸರ್ಕಾರದ ಬಜೆಟ್ಟಿನ ಭಾಷೆಯಲ್ಲಿ ಹೇಳುವುದಾದರೆ ಖೋತಾ. ಎಷ್ಟು ಖೋತಾ ಎನ್ನುವುದಕ್ಕೆ ಮೊದಲು ಖರ್ಚು ಎಷ್ಟೆಂದು ಗೊತ್ತಿರಬೇಕು. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ‘1,200 ಕ್ಯಾಲೊರಿ ಡಯಟ್ ಚಾರ್ಟ್’ ಎಡವುವುದು ಇಲ್ಲೇ.

1990ರಲ್ಲಿ ಪ್ರಕಟವಾದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರವನ್ನು ಇಂದಿಗೂ ಹೆಚ್ಚಿನ ಆಹಾರ ತಜ್ಞರು ಬಳಸುತ್ತಾರೆ. ತೂಕವನ್ನು (ಕೆ.ಜಿ.) 10ರಿಂದ, ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಅದರಲ್ಲಿ ಕಳೆಯಿರಿ. ಗಂಡಸಾದರೆ 5 ಸೇರಿಸಿ, ಹೆಂಗಸಾದರೆ 161 ಕಳೆಯಿರಿ. ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಕ್ಯಾಲೊರಿ ಇದು. ಹೆಚ್ಚು ಹೊತ್ತು ಕೂತು ಕೆಲಸ ಮಾಡುವವರು ಬಂದ ಸಂಖ್ಯೆಯನ್ನು 1.4ರಿಂದ ಗುಣಿಸಿದರೆ ದಿನದ ಖರ್ಚಿನ ಅಂದಾಜು ಸಿಗುತ್ತದೆ. ಹೊಲದಲ್ಲಿ, ಕಟ್ಟಡದಲ್ಲಿ ದುಡಿಯುವವರಿಗೆ ಖರ್ಚು ಇದಕ್ಕಿಂತ ಬಹಳ ಹೆಚ್ಚು.

ಒಂದೇ ಮನೆಯ ಮೂವರನ್ನು ಊಹಿಸಿಕೊಳ್ಳಿ. 42 ವರ್ಷದ, 155 ಸೆಂ.ಮೀ. ಎತ್ತರದ, 68 ಕೆ.ಜಿ.ಯ ಮಹಿಳೆಗೆ ದಿನದ ಖರ್ಚು ಸುಮಾರು 1,790. 35ರ ಹರೆಯದ, 172 ಸೆಂ.ಮೀ., 85 ಕೆ.ಜಿ.ಯ ತಮ್ಮನಿಗೆ ಸುಮಾರು 2,460. 60 ದಾಟಿದ, 150 ಸೆಂ.ಮೀ., 55 ಕೆ.ಜಿ.ಯ ಅತ್ತೆಗೆ ಸುಮಾರು 1,440. ಮೂವರೂ ಅದೇ 1,200ರ ಚಾರ್ಟನ್ನು ಫ್ರಿಜ್ಜಿಗೆ ಅಂಟಿಸಿಕೊಂಡರೆ ಮಹಿಳೆಗೆ ಬೀಳುವ ಖೋತಾ 590, ತಮ್ಮನಿಗೆ 1,260, ಅತ್ತೆಗೆ ಬರೀ 240. ಹದಿನೈದು ದಿನದಲ್ಲಿ ತಮ್ಮ ತಲೆಸುತ್ತು ಎನ್ನುತ್ತಾನೆ, ಅತ್ತೆ ‘ನನಗೆ ಏನೂ ಇಳಿಯಲಿಲ್ಲ’ ಎನ್ನುತ್ತಾರೆ. ಇಬ್ಬರದೂ ತಪ್ಪಿಲ್ಲ.

ಖರ್ಚಿಗಿಂತ ದಿನಕ್ಕೆ 300ರಿಂದ 500 ಕಡಿಮೆ ತಿನ್ನುವುದು ಹೆಚ್ಚಿನವರಿಗೆ ಸುರಕ್ಷಿತ. ತೂಕ, ಎತ್ತರ ಎರಡೂ ಹೆಚ್ಚಿರುವ ಗಂಡಸರಿಗೆ 600ರ ತನಕ ಹೋಗಬಹುದು. ಮೇಲಿನ ಮಹಿಳೆಗೆ 400 ಕಡಿತವೆಂದರೆ ದಿನಕ್ಕೆ 1,400 ಕ್ಯಾಲೊರಿ ಊಟ, ಆರಂಭದಲ್ಲಿ ವಾರಕ್ಕೆ 350 ಗ್ರಾಂನಷ್ಟು ಇಳಿಕೆ. ಕೇಳಲು ಚಿಲ್ಲರೆ ಅನ್ನಿಸಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಕೂಡ ವಾರಕ್ಕೆ ಅರ್ಧ ಕೆ.ಜಿ. ಇಳಿಕೆಯನ್ನು ಸುರಕ್ಷಿತ ಎನ್ನುತ್ತದೆ, ತೂಕ ಇಳಿಸುವ ಆಹಾರ ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗಿಳಿಯಬಾರದು ಎನ್ನುತ್ತದೆ. ಅದು ತಳ, ಗುರಿಯಲ್ಲ. ಯಾರ ಮೇಲ್ವಿಚಾರಣೆಯೂ ಇಲ್ಲದೆ ಮನೆಯಲ್ಲೇ ಪ್ರಯತ್ನಿಸುವ ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ಹೋಗದಿರುವುದು ಒಳ್ಳೆಯದು. 800ಕ್ಕಿಂತ ಕಡಿಮೆಯ ಪಥ್ಯ ವೈದ್ಯರ ಕಣ್ಗಾವಲಿನಲ್ಲಿ ಮಾತ್ರ ನಡೆಯಬೇಕು.

1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರ ದಿನಕ್ಕೆ ಸುಮಾರು 1,570 ಕ್ಯಾಲೊರಿ ಊಟ ಕೊಟ್ಟರು. ಇವತ್ತಿನ ಚಾರ್ಟುಗಳ ಮುಂದೆ ಅದು ಧಾರಾಳವೇ. ಆದರೆ ವಾರಕ್ಕೆ 35 ಕಿ.ಮೀ. ನಡೆಯುತ್ತಿದ್ದ ಅವರ ಅಗತ್ಯದ ಅರ್ಧದಷ್ಟು ಮಾತ್ರ ಅದಾಗಿತ್ತು. ಅವರ ತೂಕ ಕಾಲುಭಾಗದಷ್ಟು ಕುಸಿಯಿತು, ಸದಾ ಚಳಿ, ಮಂಕು, ಹಗಲಿರುಳು ಊಟದ್ದೇ ಧ್ಯಾನ. 1,570 ಒಬ್ಬರಿಗೆ ಹಿತವಾದ ಪಥ್ಯ, ಇನ್ನೊಬ್ಬರಿಗೆ ಅರೆಹೊಟ್ಟೆ.

ಇನ್ನು ಅಡುಗೆಮನೆಗೆ ಬರೋಣ. 400 ಕ್ಯಾಲೊರಿ ಕಡಿಮೆ ಮಾಡಲು ಊಟ ಬಿಡಬೇಕಿಲ್ಲ, ಎಣ್ಣೆಯ ಡಬ್ಬದಿಂದ ಶುರುಮಾಡಬೇಕು. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಗ್ರಾಂಗೆ 9 ಕ್ಯಾಲೊರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಬೇಕಾಗುತ್ತಿದ್ದರೆ ತಲಾ ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲೊರಿ ಬರೀ ಎಣ್ಣೆಯಿಂದಲೇ. ತುಪ್ಪ ಬೇರೆ. ಇದನ್ನು ತುಪ್ಪವೂ ಸೇರಿ ತಲಾ ತಿಂಗಳಿಗೆ ಅರ್ಧ ಲೀಟರಿಗೆ ತಂದರೆ ಯಾರ ತಟ್ಟೆಯಲ್ಲೂ ಏನೂ ಕಡಿಮೆಯಾದಂತೆ ಕಾಣದೆ ದಿನಕ್ಕೆ 135 ಕ್ಯಾಲೊರಿ ಉಳಿಯಿತು. ತಿಂಗಳ ಮೊದಲ ದಿನವೇ ಅಷ್ಟು ಎಣ್ಣೆಯನ್ನು ಬೇರೆ ಡಬ್ಬಕ್ಕೆ ಸುರಿದಿಟ್ಟುಕೊಳ್ಳಿ. ಒಗ್ಗರಣೆಗೆ ಡಬ್ಬ ಬಗ್ಗಿಸಿ ಸುರಿಯುವ ಬದಲು 5 ಎಂ.ಎಲ್. ಚಮಚದಲ್ಲಿ ಅಳೆಯಿರಿ, ಔಷಧಿ ಬಾಟಲಿಯ ಜೊತೆ ಬರುವ ಚಮಚವೂ ಆದೀತು. ಕೈಯಂದಾಜು ಎನ್ನುವುದು ಅಡುಗೆಯ ರುಚಿಗೆ ವರ, ಈ ಲೆಕ್ಕಕ್ಕೆ ಶಾಪ.

ಮೂರು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆಯೆಂದರೆ 120 ಕ್ಯಾಲೊರಿ. ಅರ್ಧರ್ಧ ಚಮಚಕ್ಕೆ ಇಳಿಸಿದರೆ 90 ಉಳಿಯುತ್ತದೆ. ಸಂಜೆಯ 50 ಗ್ರಾಂ ಮಿಕ್ಸ್ಚರ್ ಅಥವಾ ನಿಪ್ಪಟ್ಟನ್ನು 25 ಗ್ರಾಂಗೆ ತಂದರೆ ಸುಮಾರು 130. ರಾತ್ರಿಯ ಅನ್ನಕ್ಕೆ ತಲಾ 15 ಗ್ರಾಂ ಅಕ್ಕಿ ಕಡಿಮೆ ಹಾಕಿದರೆ 50. ಕೂಡಿಸಿ, 400 ದಾಟಿತು. ತೆಂಗಿನಕಾಯಿಯನ್ನು ನಾನು ಮುಟ್ಟಿಯೇ ಇಲ್ಲ, ಮುಟ್ಟಿದರೆ ಕರಾವಳಿಯ ಓದುಗರು ಮುಂದೆ ಓದುವುದಿಲ್ಲ. ಆದರೂ 30 ಗ್ರಾಂ ಹಸಿ ಕಾಯಿತುರಿಯಲ್ಲಿ ನೂರಕ್ಕಿಂತ ಹೆಚ್ಚು ಕ್ಯಾಲೊರಿ ಇದೆ ಎಂಬುದು ಗಮನದಲ್ಲಿರಲಿ.

ರಾಗಿಯ ಬಗ್ಗೆ ಒಂದು ಮಾತು. ‘ಅನ್ನ ಬಿಟ್ಟು ಮುದ್ದೆ ಹಿಡಿದೆ, ಆದರೂ ಇಳಿಯುತ್ತಿಲ್ಲ’ ಎನ್ನುವ ದೂರು ಸಾಮಾನ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 355. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚು, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅದು ನಿಜವಾದ ಲಾಭ. ಕ್ಯಾಲೊರಿಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿಲ್ಲ. ಮೊಬೈಲ್ ಆ್ಯಪಿನಲ್ಲಿ ‘ಮುದ್ದೆ: 1’ ಎಂದು ಒತ್ತಿದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಮಂಡ್ಯದ ಮನೆಯ ಮುದ್ದೆಗೂ ಬೆಂಗಳೂರಿನ ಹೋಟೆಲಿನ ಮುದ್ದೆಗೂ ಅಜಗಜಾಂತರ. ಹಸಿಟ್ಟನ್ನು ಹಾಕುವ ಮೊದಲೇ ತೂಗಿ: ಒಬ್ಬರಿಗೆ 60 ಗ್ರಾಂ ಹಿಟ್ಟು ಹಾಕಿದರೆ ಮುದ್ದೆ ಎಷ್ಟೇ ದೊಡ್ಡದಾಗಿ ಕಾಣಲಿ, 190 ಕ್ಯಾಲೊರಿ ಅಷ್ಟೇ. ಮಿಕ್ಕಿದ್ದು ನೀರು. ಅಕ್ಕಿಯನ್ನೂ ಬೇಯಿಸುವ ಮೊದಲೇ ತೂಗಬೇಕು. 50 ಗ್ರಾಂ ಅಕ್ಕಿ ಹೆಚ್ಚುಕಡಿಮೆ 150 ಗ್ರಾಂ ಅನ್ನವಾಗುತ್ತದೆ. ಅಡುಗೆಮನೆಗೊಂದು ಗ್ರಾಂ ತೋರಿಸುವ ಸಣ್ಣ ತಕ್ಕಡಿ ಕೊಂಡರೆ ಮೂರು ವಾರ ತೂಗಿದ ಮೇಲೆ ಕಣ್ಣೇ ಪಳಗುತ್ತದೆ. ಆಮೇಲೆ ತೂಗುವುದನ್ನು ಬಿಡಬಹುದು.

ಊಟ ಕಡಿಮೆಯಾದಾಗ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕಳೆದುಕೊಳ್ಳುತ್ತದೆ. ಅದನ್ನು ತಡೆಯಲು ಪ್ರೋಟೀನ್ ಬೇಕು. ಆರೋಗ್ಯಕರ ತೂಕದ ಪ್ರತಿ ಕೆ.ಜಿ.ಗೆ ಕನಿಷ್ಠ ಒಂದು ಗ್ರಾಂ ಎಂದಿಟ್ಟುಕೊಂಡರೆ ನಮ್ಮ ಮಹಿಳೆಗೆ 55 ಗ್ರಾಂ. ದಿನಕ್ಕೆ 150 ಗ್ರಾಂ ಧಾನ್ಯ, 75 ಗ್ರಾಂ ಬೇಳೆಕಾಳು (ಎಲ್ಲವೂ ಬೇಯಿಸುವ ಮೊದಲಿನ ತೂಕ), 200 ಎಂ.ಎಲ್. ಟೋನ್ಡ್ ಹಾಲು, 150 ಗ್ರಾಂ ಮೊಸರು, ಎರಡು ಮೊಟ್ಟೆ, 15 ಗ್ರಾಂ ಎಣ್ಣೆ, ಕಾಫಿಗೆ ಒಂದೂವರೆ ಚಮಚ ಸಕ್ಕರೆ, ತರಕಾರಿ ಸೊಪ್ಪು, ಒಂದು ಹಣ್ಣು: 1,400 ಕ್ಯಾಲೊರಿಯಲ್ಲಿ 55 ಗ್ರಾಂ ಪ್ರೋಟೀನ್ ಸಿಕ್ಕಿತು. ಮೊಟ್ಟೆ ತಿನ್ನದವರು 25 ಗ್ರಾಂ ಸೋಯಾ ಚಂಕ್ಸ್ ಹಾಕಿಕೊಳ್ಳಬಹುದು. ಎಡವಟ್ಟಾಗುವುದು ಸಾರಿನಲ್ಲಿ. ಮೇಲಿನ ತಿಳಿಯನ್ನಷ್ಟೇ ಬಡಿಸಿಕೊಂಡು ‘ಬೇಳೆ ತಿಂದೆ’ ಎಂದುಕೊಂಡರೆ ಪ್ರೋಟೀನ್ ಪಾತ್ರೆಯ ತಳದಲ್ಲೇ ಉಳಿದಿರುತ್ತದೆ. ಜೊತೆಗೆ ವಾರಕ್ಕೆರಡು ದಿನವಾದರೂ ಬಸ್ಕಿ, ಗೋಡೆಗೆ ಕೈಯೂರಿ ದಂಡ, ನೀರು ತುಂಬಿದ ಬಾಟಲಿ ಎತ್ತುವಂಥ ವ್ಯಾಯಾಮ ಬೇಕು.

ನಡಿಗೆ ಒಳ್ಳೆಯದೇ, ಆದರೆ ಅದರ ಮೇಲೆ ಸಾಲ ತೆಗೆಯಬಾರದು. ಅರ್ಧ ಗಂಟೆಯ ಬಿರುಸು ನಡಿಗೆಯಿಂದ 68 ಕೆ.ಜಿ.ಯವರಿಗೆ ಹೆಚ್ಚುವರಿಯಾಗಿ ಖರ್ಚಾಗುವುದು ನೂರು ಚಿಲ್ಲರೆ ಕ್ಯಾಲೊರಿ. ಪಾರ್ಕಿನಿಂದ ನೇರ ದರ್ಶಿನಿಗೆ ಹೋಗಿ ಮಸಾಲೆ ದೋಸೆ ಹೊಡೆದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ವಾಪಸ್ಸು ಜಮೆ. ಶನಿವಾರದ ಒಪ್ಪೊತ್ತಿನದೂ ಇದೇ ಕಥೆ: ರಾತ್ರಿಯ ಫಲಾಹಾರದಲ್ಲಿ ಫಲ ಬಿಟ್ಟು ಉಪ್ಪಿಟ್ಟು, ಕೇಸರಿಬಾತ್ ಎಲ್ಲವೂ ಇರುತ್ತದೆ.

ತೂಕ ನೋಡುವುದು ಬೆಳಿಗ್ಗೆ ಶೌಚದ ನಂತರ, ಖಾಲಿ ಹೊಟ್ಟೆಯಲ್ಲಿ, ಅದೇ ಯಂತ್ರದ ಮೇಲೆ. ಒಂದು ದಿನದ ಸಂಖ್ಯೆಯನ್ನು ನಂಬಬೇಡಿ. ಏಳು ದಿನದ ಸರಾಸರಿ ತೆಗೆದು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಮುಟ್ಟಿನ ಮೊದಲಿನ ದಿನಗಳಲ್ಲಿ ನೀರು ತುಂಬಿಕೊಂಡು ಒಂದೆರಡು ಕೆ.ಜಿ. ಏರುವುದು ಸಹಜ, ಆದ್ದರಿಂದ ಹೆಂಗಸರು ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸುವುದು ಮೇಲು. ಮೂರು ನಾಲ್ಕು ವಾರ ಸರಾಸರಿ ಕದಲದಿದ್ದರೆ ಊಟ ಕತ್ತರಿಸುವ ಮೊದಲು ಅಳತೆಯನ್ನೇ ಮತ್ತೆ ಪರೀಕ್ಷಿಸಿ: ಎಣ್ಣೆ, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಭಾನುವಾರದ ಬಾಡೂಟ. ಅಲ್ಲೂ ತಪ್ಪಿಲ್ಲವೆಂದರೆ 100ರಿಂದ 150 ಕಡಿಮೆ ಮಾಡಿ. ಮೊದಲ ಎರಡು ವಾರ ಕಳೆದ ಮೇಲೂ ವಾರಕ್ಕೆ ದೇಹತೂಕದ ನೂರಕ್ಕೆ ಒಂದಕ್ಕಿಂತ ವೇಗವಾಗಿ ಇಳಿಯುತ್ತಿದ್ದರೆ 200 ಸೇರಿಸಿ. ಐದು ಕೆ.ಜಿ. ಇಳಿದಾಗ ಸೂತ್ರವನ್ನು ಹೊಸದಾಗಿ ಹಾಕಬೇಕು, ಏಕೆಂದರೆ ಹಗುರಾದ ದೇಹದ ಖರ್ಚೂ ಕಡಿಮೆ. ನಮ್ಮ ಮಹಿಳೆಗೆ 63 ಕೆ.ಜಿ. ತಲುಪುವಷ್ಟರಲ್ಲಿ ದಿನದ ಖರ್ಚು 1,720ಕ್ಕೆ ಬಂದಿರುತ್ತದೆ.

ಅವಸರಕ್ಕೆ ದಂಡ ತಡವಾಗಿ ಬೀಳುತ್ತದೆ. ಕಠಿಣ ಪಥ್ಯದ ಎರಡು ಮೂರು ತಿಂಗಳ ನಂತರ ಕೂದಲು ಹಿಡಿಹಿಡಿಯಾಗಿ ಉದುರುವಾಗ ಜನ ಬೋರ್‌ವೆಲ್ ನೀರನ್ನು ಬೈಯುತ್ತಾರೆ. ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚು. ಮುಟ್ಟು ನಿಂತರೆ, ಎದ್ದಾಗ ಕಣ್ಣು ಕತ್ತಲೆ ಬಂದರೆ ಪಥ್ಯವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಸಕ್ಕರೆ ಕಾಯಿಲೆಯವರು ಔಷಧಿಯ ಚೀಟಿ ಹಿಡಿದುಕೊಂಡು ವೈದ್ಯರ ಬಳಿ ಹೋಗದೆ ಊಟ ಕಡಿಮೆ ಮಾಡಲೇಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮಾತ್ರೆಯ ಪ್ರಮಾಣ ಹಾಗೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಉಪವಾಸ ಮಾಡಿದರೆ ಅಥವಾ ಅನ್ನ, ಚಪಾತಿ ಪೂರ್ತಿ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಅಷ್ಟೇನೂ ಏರದೆಯೂ ಕೀಟೋ ಆಮ್ಲ ತುಂಬಿಕೊಂಡು ತುರ್ತು ಚಿಕಿತ್ಸೆಗೆ ಓಡಬೇಕಾದೀತು. ರಕ್ತದೊತ್ತಡದ ಮಾತ್ರೆಯನ್ನೂ ತೂಕ ಇಳಿದಂತೆ ಸರಿಹೊಂದಿಸಬೇಕಾಗುತ್ತದೆ. ಮೂತ್ರಪಿಂಡದ ತೊಂದರೆಯಿದ್ದವರಿಗೆ ಮೇಲಿನ ಪ್ರೋಟೀನ್ ಲೆಕ್ಕ ಅನ್ವಯಿಸುವುದಿಲ್ಲ. ಗರ್ಭಿಣಿಯರು, 18 ತುಂಬದವರು, ಕ್ಷಯದ ಚಿಕಿತ್ಸೆಯಲ್ಲಿರುವವರು ಈ ಖೋತಾದಿಂದ ದೂರವಿರಬೇಕು. ಬಾಣಂತಿಯರಿಗಂತೂ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚೇ ಬೇಕು.

ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಡಯಟ್ ಚಾರ್ಟ್ ಅಚ್ಚಾಗುವಾಗ ಅದರ ಕೆಳಗೆ ಎರಡು ಸಾಲು ಸೇರಿಸಬೇಕೆಂದು ಕೋರಿಕೆ. ಚಾರ್ಟ್ ಯಾವ ವಯಸ್ಸು, ಎತ್ತರ, ತೂಕದ, ಹೆಂಗಸಿಗೋ ಗಂಡಸಿಗೋ ಎನ್ನುವುದು ಒಂದು. ಒಟ್ಟು ಕ್ಯಾಲೊರಿ, ಪ್ರೋಟೀನ್ ಎಷ್ಟು, ಯಾರು ಅದನ್ನು ಅನುಸರಿಸಬಾರದು ಎನ್ನುವುದು ಇನ್ನೊಂದು. ‘ಒಂದು ಬಟ್ಟಲು’ ಎಂದು ಬರೆಯುವ ಕಡೆ ಬೇಯಿಸುವ ಮೊದಲಿನ ತೂಕವನ್ನು ಗ್ರಾಂನಲ್ಲಿ ಕೊಟ್ಟರೆ ಇನ್ನೂ ಉಪಕಾರ. ಬಟ್ಟಲುಗಳು ಮನೆಗೊಂದು ಅಳತೆಯವು.

ಇತಿ,
ಆಹಾರ ತಜ್ಞೆ, ಮೈಸೂರು